ರಿ

ಕನ್ನಡದಾಗ ದೊಡ್ಡಕ್ಷರ ಇಲ್ಲ.
ಇಂಗ್ಲೀಷಿನವರಿಗೆ ಸಿಟ್ಟು ಬಂದ್ರ
ಅಕ್ಷರನ ಎದ್ದು ನಿಂತು ಒದರತಾವಂತ.
ನಮ್ಮವು ಕುಂತಲ್ಲೇ ಕುಂತಿರತಾವ, ದುಂಡಗ,
ಬೈದ್ರೂ ಅಷ್ಟ ಗಾತ್ರ, ಕರದ್ರೂ ಅಷ್ಟ.
ಹಂಗಾಗಿ ನಾವು ಒದರಬೇಕಾದ್ರ
ಇದ್ದದ್ದರಾಗ ಒಂದಕ್ಷರ ಕಿತ್ತುಕೊಳ್ಳತೀವಿ:
ಬರ್ರಿ ಹೋಗಿ ಬಾ,
ನೋಡ್ರಿ ಹೋಗಿ ನೋಡು,
ಇನ್ನೂ ಸಿಟ್ಟು ಉಳದ್ರ ಅದರ ಬಾಲಕ್ಕ ಲೇ.

ಬೆಟಗೇರಿಯ ನಮ್ಮಪ್ಪನ ಪ್ರೆಸ್ಸಿನ್ಯಾಗ
ಮೊಳೆ ಜೋಡಿಸೂ ಕಾಲಕ್ಕ ನಾ ಹನ್ನೆರಡು ವರ್ಷದಾಕಿ.
ಮದವಿ ಸುಗ್ಗಿ ಬಂತಂದ್ರ
ಮೊದಲು ಖಾಲಿ ಆಗೂ ಖಾನೆ ರಿ-ದು.
ಬನ್ನಿರಿ, ಹರಸಿರಿ, ಉಂಡು ಹೋಗಿರಿ...
ಕಡಿಮಿ ಬಿದ್ದ ದಿನ ಅಪ್ಪ
ಬಾಜೂ ಪ್ರೆಸ್ಸಿನ ನಾಗೂಸಾ ಕಾಕಾನ ಕಡೆ ಓಡಸತಿದ್ದ:
"ಒಂದ್ ಹಿಡಿ ರಿ ಇಸಗೊಂಡು ಬಾ, ನಾಳಿ ಕೊಡತೀವನ್ನು."
ಲಂಗದ ಉಡಿಯೊಳಗ ಸೀಸದ ರಿ,
ಓಡಿದ್ರ ಕಟಕಟ, ನಿಂತ್ರ ಭಾರ.

ಈಗ ನಲವತ್ತಾರು. ಹಗಲು ಡಿಟಿಪಿ, ಬಿಲ್ ಬುಕ್ಕು, ಪಾಂಪ್ಲೆಟ್ಟು.
ರಾತ್ರಿ ಹತ್ತರ ಮ್ಯಾಲ ನಾ ಎರಿ ಪಡೆಯ ಕಾವಲುಗಾರ್ತಿ:
ನಲವತ್ತೆರಡು ಮಂದಿ, ನಾಕು ಚಾನೆಲ್ಲು.
ಒಂದು ಹರಟಿಗೆ. ಒಂದು ಕತ್ತಿ-ಗುರಾಣಿ ಮಾರೂ ಸಂತಿಗೆ.
ಒಂದು ಯುದ್ಧದ್ದು, ಅಲ್ಲಿ ಎಡಕ್ಕ ಬಲಕ್ಕ ಬಿಟ್ರ ಬ್ಯಾರೆ ಮಾತಿಲ್ಲ;
ಒಮ್ಮೆ ಯಾರೋ ಗಿರಮಿಟ್ಟಿನ ಫೋಟೋ ಹಾಕಿದ್ರು,
ಎಲ್ಲಾರೂ ಅದನ್ನ ನೋಡೂದ್ರೊಳಗ
ಡ್ರ್ಯಾಗನ್ ಸುಟ್ಟು ಹೋತು ನಮ್ಮನ್ನ.
ನಾಕನೇದು ಇಬ್ಬರ ನಡುವಿನ ಪಿಸುಮಾತು.
ಅದಕ್ಕ ಬಾಗಲ ಐತಿ, ಚಿಲಕ ಐತಿ.

ಮೊನ್ನಿ ಕೋಟೆ ಇನ್ನೇನು ಬೀಳಬೇಕು,
ನಮ್ಮ ಹಿಂದಿನ ಓಣಿ ಬಾಕಳೆಯವರ ಕಿಶನ್,
ಹದಿನೈದರಾಂವ, ಕೈ ಚುರುಕು, ಬಾಯಿ ಅದಕ್ಕಿಂತ,
ಮದ್ದು ಕೊಡೂದು ತಡ ಮಾಡಿದ 'ಚಿಗರಿ'ಗೆ
ಹರಟಿ ಚಾನೆಲ್ಲಿನ್ಯಾಗ, ಎಲ್ಲಾರ ಮುಂದ ಬರದ:
"ಮುದುಕಾ, ಸತ್ತೀ ಏನಲೇ?"
ಹನ್ನೊಂದು ಮಂದಿ ನಗೂ ಮಾರಿ ಒತ್ತಿದ್ರು.
ಚಿಗರಿಯ ಹೆಸರಿನ ಕೆಳಗ ಮೂರು ಚುಕ್ಕಿ
ಎದ್ದುವು, ಆರಿದುವು,
ಮತ್ತ ಎದ್ದುವು.
ಹಸರು ದೀಪ ಹೋತು.

ಬೈಯೂದು ಕಿವಿಯಾಗ, ಹೊಗಳೂದು ಬಯಲಾಗ ಅಂತಿದ್ದ ಅಪ್ಪ.
ಕಿಶನ್‌ನ ಬಾಗಲ ಬಡದೆ.
ಮರ್ಯಾದಿ ಅಂದ್ರೇನು ಅಂತ ಹನ್ನೆರಡು ಸಾಲು ಬರದು
ಓದಿ ನೋಡಿದೆ: ಸರಕಾರಿ ಸುತ್ತೋಲಿ!
ಎಲ್ಲಾ ಅಳಿಸಿ, "ಅವರಿಗೆ ರಿ ಹಚ್ಚಪಾ" ಅಂದೆ.
"ಸಾಯೂ ಹೊತ್ತಿನ್ಯಾಗ ರಿ ಹಚ್ಚಾಕ ಟೈಮೆಲ್ಲೈತಿ ಅಕ್ಕಾ?"
"ಏನಲೇ ಅಂದ್ರ ಮೂರಕ್ಷರ, ಏನ್ರಿ ಅಂದ್ರ ಎರಡ.
ಟೈಮ್ ಉಳೀತಿತ್ತಲ್ಲೋ."
ಓದಿದ. ಉತ್ತರ ಇಲ್ಲ.
ಫೋನ್ ಚಾರ್ಜಿಗೆ ಹಚ್ಚಿ ಮಲಗಿದೆ.

ಒಂದ ದಿನ, ಎರಡ ದಿನ, ಚಿಗರಿ ಇಲ್ಲ.
ಅವರಿಲ್ಲದ ಎರಡು ಯುದ್ಧ ಸೋತಿವಿ,
ಹರಟಿಯೊಳಗ ಬರೇ ಗುಡ್ ನೈಟು.

ಮೂರನೇ ರಾತ್ರಿ ದೀಪ ಹತ್ತಿತು.
ಯಾರೂ ಏನೂ ಕೇಳಲಿಲ್ಲ.
ಕೋಟೆ ಬಾಗಲದಾಗ, ಬಾಣದ ಮಳಿಯೊಳಗ,
ಯುದ್ಧದ ಚಾನೆಲ್ಲಿನ್ಯಾಗ ಒಂದು ಸಾಲು ಬಂತು ಕಿಶನ್‌ದು:
"ಚಿಗರಿಯವರ, ಜೀವ ಕೊಡ್ರಿ."
ಕೊಟ್ರು.

ಗೆದ್ದ ಮ್ಯಾಲ ಹರಟಿಗೆ ಬಂದು ಚಿಗರಿ ಬರದ್ರು:
"ಆವತ್ತು ನಡುವ ಹೋದೆ, ತಪ್ಪು ತಿಳೀಬ್ಯಾಡ್ರಿ.
ಕರೆಂಟ್ ಹೋಗಿತ್ರಿ."

ಚಿಗರಿ ಯಾರಂತ ನನಗ ಗೊತ್ತು.
ವರ್ಷಕ್ಕ ಎರಡು ಸಲ ಬಿಲ್ ಬುಕ್ ಮಾಡಸಾಕ ಬರತಾರ,
ರೊಕ್ಕ ಎಣಿಸೂ ಮುಂದ ಬಲಗೈ ಒಂಚೂರು ನಡಗತೈತಿ.
ಅವರ ಮನಿ, ನಮ್ಮ ಮನಿ, ಕಿಶನ್‌ನ ಮನಿ
ಒಂದ ಟ್ರಾನ್ಸ್‌ಫಾರ್ಮರಿನ ಮಕ್ಕಳು.
ಆವತ್ತು ರಾತ್ರಿ ಎರಡರ ತನಕ
ಓಣಿಯ ಪವರ್‌ಲೂಮ್ ಒಂದೂ ನಿಂತಿರಲಿಲ್ಲ.

ಏನು ಬರೀಬೇಕಂತ ನಾ ಬೆರಳು ಎತ್ತಿಕೊಂಡ ಕುಂತಿದ್ದೆ.
ಅಷ್ಟರಾಗ ಕಿಶನ್:
"ಹೌದ್ರಿ. ನಮ್ಮ ಕಡೀನೂ ಹೋಗಿತ್ರಿ."